ಕಿವಿಗೆ ಬಿದ್ದದ್ದು ಕಥೆಯಾಗುವ ಬಗೆ

ಅರವತ್ತರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್.ಡಿ.ಗಾಗಿ ಓದುತ್ತಿದ್ದ ಯು.ಆರ್. ಅನಂತಮೂರ್ತಿ ಒಂದು ಸಂಜೆ ಸಿನಿಮಾಕ್ಕೆ ಹೋದರು. ಜೊತೆಗಿದ್ದವರು ಅಲ್ಲಿಯೇ ಪಾಠ ಹೇಳುತ್ತಿದ್ದ ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿ. ಸಿನಿಮಾ ಇಂಗ್ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’. ಪ್ಲೇಗ್ ಹಬ್ಬಿದ ಮಧ್ಯಯುಗದ ಯುರೋಪು. ಧರ್ಮಯುದ್ಧದಿಂದ ಮರಳಿದ ಯೋಧನೊಬ್ಬ ಸಾವಿನೊಂದಿಗೆ ಚದುರಂಗಕ್ಕೆ ಕೂತಿದ್ದಾನೆ. ಮಾತೆಲ್ಲ ಸ್ವೀಡಿಷ್, ಸಬ್‌ಟೈಟಲ್ಲೂ ಇರಲಿಲ್ಲ. ಸಿನಿಮಾ ಮುಗಿದ ಮೇಲೆ ಬ್ರಾಡ್‌ಬರಿ ಒಂದು ಮಾತೆತ್ತಿದರು: ಯುರೋಪಿನವರು ತಮ್ಮ ಮಧ್ಯಯುಗವನ್ನು ಪಾಂಡಿತ್ಯದ ಮೂಲಕವಷ್ಟೇ ಮತ್ತೆ ಕಟ್ಟಿಕೊಳ್ಳಬೇಕು, ಆದರೆ ಭಾರತದಿಂದ ಬಂದವನಿಗೆ ಅದಿನ್ನೂ ಜೀವಂತ ಅನುಭವ. ತೀರ್ಥಹಳ್ಳಿ ಸೀಮೆಯ ಅಗ್ರಹಾರದಲ್ಲಿ ಬೆಳೆದ, ಪ್ಲೇಗಿನ ಕಾಲದ ನೆನಪುಗಳನ್ನು ಬಾಲ್ಯದಿಂದ ಹೊತ್ತುಕೊಂಡೇ ಬಂದಿದ್ದ ಅನಂತಮೂರ್ತಿಯವರಿಗೆ ಆ ಮಾತು ಒಳಗೆ ಎಲ್ಲೋ ತಾಗಿತು. ಅವರು ಬರೆಯಲು ಕೂತರು. ದುರ್ವಾಸಪುರ, ಸಂಸ್ಕಾರಕ್ಕೆ ಕಾದು ಕೊಳೆಯುವ ನಾರಣಪ್ಪನ ಹೆಣ, ಗ್ರಂಥಗಳಲ್ಲಿ ಉತ್ತರ ಸಿಗದೆ ತಳಮಳಿಸುವ ಪ್ರಾಣೇಶಾಚಾರ್ಯ ಎಲ್ಲ ಹಾಳೆಯ ಮೇಲೆ ಬಂದರು. 1965ರಲ್ಲಿ ‘ಸಂಸ್ಕಾರ’ ಅಚ್ಚಾಯಿತು.

ಈ ಪ್ರಸಂಗವನ್ನು ಅನಂತಮೂರ್ತಿಯವರೇ ಹಲವು ಕಡೆ ಹೇಳಿಕೊಂಡಿದ್ದಾರೆ. ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಾಣುತ್ತವೆ. ಕಥೆಯ ಸಾಮಗ್ರಿ ಬಾಲ್ಯದಿಂದಲೇ ಒಳಗಿತ್ತು. ಅದನ್ನು ಎಬ್ಬಿಸಿದ ಕೈ ಮಾತ್ರ ಎಲ್ಲೋ ದೂರದ್ದು, ಅರ್ಥವಾಗದ ಭಾಷೆಯದ್ದು. ಕನ್ನಡದ ಸಾಹಿತ್ಯಚರಿತ್ರೆಯನ್ನು ಈ ದೃಷ್ಟಿಯಿಂದ ತಿರುವಿಹಾಕಿದರೆ ಇದೇ ಬಗೆಯ ಜೋಡಿ ಮತ್ತೆ ಮತ್ತೆ ಎದುರಾಗುತ್ತದೆ. ಹಾಗೆ ಒಳಗೆ ಸೇರಿಕೊಂಡಿದ್ದ ಸಾಮಗ್ರಿಯಲ್ಲಿ ಹೆಚ್ಚಿನದು ಕಣ್ಣಿಗಿಂತ ಕಿವಿಯಿಂದ ಬಂದದ್ದು.

ಸ್ಫೂರ್ತಿಯ ಮೂಲದ ಪ್ರಶ್ನೆಯೇನೂ ಹೊಸದಲ್ಲ. ಕನೌಜಿನ ಪ್ರತಿಹಾರ ದೊರೆಗಳ ಆಸ್ಥಾನದಲ್ಲಿದ್ದ ರಾಜಶೇಖರ ಸುಮಾರು 900ರ ಹೊತ್ತಿಗೆ ಬರೆದ ‘ಕಾವ್ಯಮೀಮಾಂಸೆ’ಯಲ್ಲಿ ಕಾವ್ಯವಸ್ತು ಹುಟ್ಟುವ ಮೂಲಗಳನ್ನು ಪಟ್ಟಿಮಾಡಿ ಹದಿನಾರು ಎಂದು ಲೆಕ್ಕ ಕೊಟ್ಟ. ಶ್ರುತಿ, ಸ್ಮೃತಿ, ಇತಿಹಾಸ, ಪುರಾಣಗಳು ಅದರಲ್ಲಿವೆ. ತರ್ಕ, ರಾಜನೀತಿ, ಕಾಮಶಾಸ್ತ್ರಗಳೂ ಇವೆ. ‘ಲೋಕ’ವೂ ಒಂದು ಮೂಲ, ಎಂದರೆ ಸುತ್ತಲಿನ ಜನರ ನಡೆನುಡಿ. ಹಿಂದಿನವರಿಂದ ಎರವಲು ತರುವ ವಿಚಾರಕ್ಕಂತೂ ಅವನು ಕೆಲವು ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ಕದಿಯದ ಕವಿಯೇ ಇಲ್ಲ ಎನ್ನುವವರೆಗೂ ಹೋಗುತ್ತಾನೆ. ಈ ಚರ್ಚೆಯ ನಡುವೆ ತನ್ನ ಹೆಂಡತಿ ಅವಂತಿಸುಂದರಿಯ ಅಭಿಪ್ರಾಯವನ್ನೂ ಹೆಸರು ಹಿಡಿದು ಉಲ್ಲೇಖಿಸುತ್ತಾನೆ. ಕವಿ ಎರವಲು ತಂದದ್ದನ್ನು ಯಾವ ಯಾವ ನೆಪದಲ್ಲಿ ಸಮರ್ಥಿಸಿಕೊಳ್ಳಬಹುದು ಎಂದು ಆಕೆ ಹೇಳಿದ್ದನ್ನು ದಾಖಲಿಸುತ್ತಾನೆ. ಒಂದು ಸಾವಿರ ವರ್ಷದ ಹಿಂದೆ ಗಂಡಹೆಂಡತಿ ಕೂತು ಸಾಹಿತ್ಯಚೌರ್ಯದ ಬಗ್ಗೆ ವಾದಿಸುತ್ತಿದ್ದರು ಎನ್ನುವುದೇ ಸಂತೋಷದ ಸಂಗತಿ.

ಎರವಲು ತಂದು ತನ್ನದಾಗಿಸಿಕೊಳ್ಳುವುದನ್ನು ಕನ್ನಡದಲ್ಲಿ ಮಾಡಿ ತೋರಿಸಿದವನು ಪಂಪ. ವ್ಯಾಸಭಾರತವನ್ನು ಕೈಗೆತ್ತಿಕೊಂಡ ಅವನಿಗೆ ಕಣ್ಣೆದುರು ಇದ್ದದ್ದು ತನ್ನ ಒಡೆಯ ಅರಿಕೇಸರಿ. ಅವನನ್ನೇ ಅರ್ಜುನನೊಂದಿಗೆ ಸಮೀಕರಿಸಿ ‘ವಿಕ್ರಮಾರ್ಜುನ ವಿಜಯ’ ಕಟ್ಟಿದ. ಆದರೆ ಇಂದಿನ ಓದುಗ ಆ ಕಾವ್ಯದಲ್ಲಿ ಹುಡುಕಿಕೊಂಡು ಹೋಗುವುದು ಕರ್ಣನನ್ನು, ಬನವಾಸಿಯ ಬಣ್ಣನೆಯನ್ನು. ಒಡೆಯನ ಋಣಕ್ಕೆ ಬರೆದದ್ದಕ್ಕಿಂತ ಕವಿ ಮನಸೋತು ಬರೆದದ್ದೇ ಹೆಚ್ಚು ಕಾಲ ಬಾಳಿದೆ. ಕುಮಾರವ್ಯಾಸನ ದಾರಿಯೇ ಬೇರೆ. ಗದುಗಿನ ವೀರನಾರಾಯಣನೇ ಕವಿ, ತಾನು ಬರೆದುಕೊಳ್ಳುವವನು ಮಾತ್ರ ಎಂದು ಎಲ್ಲ ಹೊಣೆಯನ್ನೂ ದೇವರ ಮೇಲೆ ಹಾಕಿದ. ಮಿಂದು ಒದ್ದೆಬಟ್ಟೆಯಲ್ಲಿ ಬಂದು ದೇವಾಲಯದ ಕಂಬಕ್ಕೆ ಒರಗಿ ಕೂರುತ್ತಿದ್ದ, ಬಟ್ಟೆ ಆರುವ ತನಕ ಪದ್ಯ ಹರಿಯುತ್ತಿತ್ತು ಎಂಬ ಐತಿಹ್ಯವಿದೆ. ಗದಗಿನಲ್ಲಿ ಆ ಕಂಬವನ್ನು ಇಂದಿಗೂ ತೋರಿಸುತ್ತಾರೆ.

ಇವರಿಬ್ಬರ ನಡುವಿನ ಹನ್ನೆರಡನೆಯ ಶತಮಾನದಲ್ಲಿ ವಚನಕಾರರು ಪುರಾಣದ ಹಂಗನ್ನು ಬಹಳ ಮಟ್ಟಿಗೆ ಕಳಚಿಟ್ಟು ತಮ್ಮ ಕಸುಬನ್ನೇ ಕಾವ್ಯದ ಮೂಲವಾಗಿಸಿಕೊಂಡಿದ್ದರು. ಅಂಬಿಗರ ಚೌಡಯ್ಯನಿಗೆ ದೋಣಿ, ಮಡಿವಾಳ ಮಾಚಯ್ಯನಿಗೆ ಬಟ್ಟೆ. ಸೂಳೆ ಸಂಕವ್ವೆ ತನ್ನ ವೃತ್ತಿಯ ಕರಾರನ್ನೇ ಭಕ್ತಿಯ ಕರಾರಾಗಿ ಹೇಳಿದಳು. ರಾಜಶೇಖರನ ಪಟ್ಟಿಯಲ್ಲಿ ಒಂದು ಸಾಲಾಗಿದ್ದ ‘ಲೋಕ’ ಇಲ್ಲಿ ಇಡೀ ಪುಟವನ್ನೇ ಆವರಿಸಿಕೊಂಡಿತು.

ಹೊಸಗನ್ನಡದ ಆರಂಭದಲ್ಲಿ ಎಬ್ಬಿಸುವ ಕೈ ಸಮುದ್ರದಾಚೆಯಿಂದ ಬಂತು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದು, ಕನ್ನಡದಲ್ಲಿ ಹೀಗೂ ಬರೆಯಬಹುದು ಎಂಬ ಧೈರ್ಯವನ್ನು ಒಂದು ಪೀಳಿಗೆಗೆ ಕೊಟ್ಟಿತು. ಅದಕ್ಕೂ ಎರಡು ವರ್ಷ ಹಿಂದೆ ಮೈಸೂರಿನಲ್ಲಿ ಇನ್ನೊಂದು ಘಟನೆ ನಡೆದಿತ್ತು. ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಪುಸ್ತಿಕೆ ತಂದಿದ್ದ ಯುವಕ ಪುಟ್ಟಪ್ಪ, ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತನ್ನ ಕವಿತೆಗಳನ್ನು ತೋರಿಸಿದರು. ನಿನ್ನ ಭಾಷೆಯಲ್ಲಿ ಯಾಕೆ ಬರೆಯಬಾರದು ಎಂದು ಕಸಿನ್ಸ್ ಕೇಳಿದರು. ಇಂಗ್ಲಿಷ್ ಕಲಿಸಿದ ನಾಡಿನ ಹತ್ತಿರದವರೊಬ್ಬರು ಇಂಗ್ಲಿಷ್ ಬಿಡು ಎಂದದ್ದರಿಂದ ಕನ್ನಡಕ್ಕೆ ಕುವೆಂಪು ದಕ್ಕಿದರು.

ಕೆ.ಎಸ್. ನರಸಿಂಹಸ್ವಾಮಿಯವರದೂ ಇದೇ ಮಾದರಿ. 1942ರ ‘ಮೈಸೂರು ಮಲ್ಲಿಗೆ’ಯ ಹಿಂದೆ ಸ್ಕಾಟ್ಲೆಂಡಿನ ರಾಬರ್ಟ್ ಬರ್ನ್ಸ್ ಇದ್ದಾನೆ. ಅವನ ಪ್ರೇಮಗೀತೆಗಳನ್ನು ಅವರು ಮುಂದೆ ಕನ್ನಡಕ್ಕೂ ತಂದರು. ಆದರೆ ‘ಮೈಸೂರು ಮಲ್ಲಿಗೆ’ ಓದಿದವರಿಗೆ ಸ್ಕಾಟ್ಲೆಂಡ್ ಎಲ್ಲಿ ನೆನಪಾಗುತ್ತದೆ? ನೆನಪಾಗುವುದು ತೌರುಮನೆ, ಮಾವನ ಮನೆ, ಬಳೆಗಾರ, ಹೊಸದಾಗಿ ಮದುವೆಯಾದವರ ಸಂಕೋಚ. ರೈತಾಪಿ ಪ್ರೇಮವನ್ನು ನಾಚಿಕೆಯಿಲ್ಲದೆ ಹಾಡಬಹುದು ಎಂಬ ಒಪ್ಪಿಗೆ ಬರ್ನ್ಸ್‌ನಿಂದ ಸಿಕ್ಕಿರಬೇಕು. ಸಂಸಾರ ಕಿಕ್ಕೇರಿ, ಮಂಡ್ಯ ಸೀಮೆಯದೇ.

ಗಿರೀಶ ಕಾರ್ನಾಡರ ವಿಷಯದಲ್ಲಿ ಇನ್ನೊಂದಿಷ್ಟು ನಿಲ್ಲಬೇಕು. ತಮಗೆ ಯಾವ ನಾಟಕ ಎಲ್ಲಿಂದ ಬಂತು ಎನ್ನುವುದನ್ನು ಅವರಷ್ಟು ಬಿಚ್ಚಿ ಹೇಳಿದವರು ಕಡಿಮೆ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟು ನಿಂತ ಹುಡುಗನಿಗೆ ಇಂಗ್ಲಿಷ್ ಕವಿಯಾಗುವ ಆಸೆ. ಮನೆಯಲ್ಲಿ ತಂದೆತಾಯಿಯ ಆತಂಕ: ಮಗ ಅಲ್ಲೇ ಉಳಿದುಬಿಟ್ಟರೆ? ಅಲ್ಲಿಯವಳನ್ನೇ ಮದುವೆಯಾದರೆ? ಆ ಒತ್ತಡದ ನಡುವೆ ರಾಜಾಜಿಯವರ ಮಹಾಭಾರತ ಓದುತ್ತಿದ್ದಾಗ, ತಂದೆಯ ಮುಪ್ಪನ್ನು ಹೊತ್ತುಕೊಳ್ಳುವ ಮಗನ ಕಥೆ ಸಿಕ್ಕಿತು. ‘ಯಯಾತಿ’ ಹುಟ್ಟಿತು, ಅದೂ ಕನ್ನಡದಲ್ಲಿ, ಅದೂ ಪುರಾಣವಾಗಿ. ಸ್ವತಃ ಬರೆದವರಿಗೇ ಅದು ಆಶ್ಚರ್ಯ ತಂದಿತ್ತು. ಧಾರವಾಡದ ಮನೋಹರ ಗ್ರಂಥಮಾಲೆ 1961ರಲ್ಲಿ ಅದನ್ನು ಪ್ರಕಟಿಸಿತು. ‘ತುಘಲಕ್’ ನಾಟಕವನ್ನು ಎಬ್ಬಿಸಿದ್ದು ಒಂದು ವಿಮರ್ಶೆ. ಕನ್ನಡದಲ್ಲಿ ಹೇಳಿಕೊಳ್ಳುವಂಥ ಐತಿಹಾಸಿಕ ನಾಟಕವಿಲ್ಲ ಎಂದು ಕೀರ್ತಿನಾಥ ಕುರ್ತಕೋಟಿ ಬರೆದಿದ್ದರು. ಕಾರ್ನಾಡರು ಇತಿಹಾಸದ ಪುಸ್ತಕ ಹಿಡಿದರು, ಈಶ್ವರೀ ಪ್ರಸಾದರ ಬರಹದಲ್ಲಿ ಮಹಮ್ಮದ್ ಬಿನ್ ತುಘಲಕ್ ಸಿಕ್ಕ. 1964ರಲ್ಲಿ ನಾಟಕ ಬಂತು. ವಿಮರ್ಶಕನ ಒಂದು ದೂರು ಸಾಹಿತ್ಯಕ್ಕೆ ಇಷ್ಟು ಕೆಲಸ ಮಾಡಿಕೊಟ್ಟ ಉದಾಹರಣೆ ಬೇರೆ ಹುಡುಕುವುದು ಕಷ್ಟ. 1971ರ ‘ಹಯವದನ’ದ ಹಿಂದೆ ಥಾಮಸ್ ಮನ್‌ನ ಜರ್ಮನ್ ಕಥೆಯಿದೆ, ಆ ಕಥೆಯ ಬೇರು ಮತ್ತೆ ನಮ್ಮ ಕಥಾಸರಿತ್ಸಾಗರದಲ್ಲಿದೆ. ಊರಿನ ಕಥೆಯೇ ಜರ್ಮನಿ ಸುತ್ತಿ ಧಾರವಾಡಕ್ಕೆ ಮರಳಿತು.

ಇನ್ನು ‘ನಾಗಮಂಡಲ’. ಇದರ ಮೂಲ ಎರಡು ಮೌಖಿಕ ಕಥೆಗಳು; ತಾವು ಕೇಳಿದ್ದು ಎ.ಕೆ. ರಾಮಾನುಜನ್ ಅವರಿಂದ ಎಂದು ಕಾರ್ನಾಡರೇ ಬರೆದಿದ್ದಾರೆ. ಅಡುಗೆಮನೆಯಲ್ಲಿ, ಇಳಿಹೊತ್ತಿನಲ್ಲಿ, ಮಕ್ಕಳಿಗೆ ಉಣಿಸುತ್ತ ಮನೆಯ ಹಿರಿಯ ಹೆಂಗಸರು ಹೇಳುವ ಕಥೆಗಳಿವು. ಮಕ್ಕಳ ನೆಪದಲ್ಲಿ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳೂ ಹೌದು. ಎರಡರಲ್ಲಿ ಒಂದು ಹೀಗಿದೆ: ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತು, ಒಂದು ಹಾಡು ಗೊತ್ತು. ಆಕೆ ಅವನ್ನು ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಗಟ್ಟಿದ ಕಥೆಯೂ ಹಾಡೂ ಆಕೆ ಮಲಗಿದ್ದಾಗ ತೆರೆದ ಬಾಯಿಂದ ಹೊರಬಿದ್ದು, ಒಂದು ಜೋಡಾಗಿ, ಒಂದು ಅಂಗಿಯಾಗಿ ಮನೆಯ ಹೊರಗೆ ಕೂತುಬಿಡುತ್ತವೆ. ಗಂಡ ಬಂದು ನೋಡಿ, ಯಾವ ಗಂಡಸಿನದು ಇದು ಎಂದು ಜಗಳ ತೆಗೆದು ಸಿಟ್ಟಿನಲ್ಲಿ ಗುಡಿಗೆ ಹೋಗಿ ಮಲಗುತ್ತಾನೆ. ಊರಿನ ದೀಪಗಳೆಲ್ಲ ಮನೆಗಳಲ್ಲಿ ಆರಿಸಿದ ಮೇಲೆ ಅದೇ ಗುಡಿಗೆ ಬಂದು ಸೇರಿ ಹರಟೆ ಹೊಡೆಯುತ್ತವೆ. ಅವನ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನೆಲ್ಲ ಹೇಳುತ್ತದೆ. ಕಾರ್ನಾಡರು ಈ ದೀಪಗಳ ಗುಡಿಗೆ ಒಬ್ಬ ನಾಟಕಕಾರನನ್ನು ತಂದು ಕೂರಿಸಿದರು. ಅವನ ನಾಟಕ ನೋಡಿದವರೆಲ್ಲ ನಿದ್ದೆ ಮಾಡಿದ್ದರ ಶಾಪ ಅವನ ಮೇಲಿದೆ; ರಾತ್ರಿಯಿಡೀ ಎಚ್ಚರವಿರದಿದ್ದರೆ ಸಾಯುತ್ತಾನೆ. ಅವನನ್ನು ಉಳಿಸುವುದು ಆ ಗುಡಿಯಲ್ಲಿ ಕೇಳಿದ ಕಥೆ. 1987–88ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ಇದನ್ನು ಬರೆದರು. ಕರ್ನಾಟಕದ ಅಡುಗೆಮನೆಗಳ ಕಥೆಗೆ ನಾಟಕದ ರೂಪ ಅಮೆರಿಕದಲ್ಲಿ ಕೂಡಿಬಂತು.

ಅದೇ ದೀಪಗಳು ಅದಕ್ಕೂ ಕೆಲವು ವರ್ಷ ಮುಂಚೆ, 1984ರಲ್ಲಿ, ನಂಜನಗೂಡು ಸೀಮೆಯಲ್ಲಿ ಹೊತ್ತಿಕೊಂಡಿದ್ದವು. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಮನೆಮನೆಯ ದೀಪಗಳು, ಅಲ್ಲಿಯ ಮಾತಿನಲ್ಲಿ ಜೋತಮ್ಮಗಳು, ರಾತ್ರಿ ಒಂದೆಡೆ ಸೇರಿ ತಂತಮ್ಮ ಮನೆಯ ಸಂಕಟ ಹೇಳಿಕೊಳ್ಳುತ್ತವೆ. ಮಹಾದೇವರಿಗೆ ಇದಕ್ಕೆ ಯಾವ ವಿಶ್ವವಿದ್ಯಾಲಯದ ಮಧ್ಯಸ್ಥಿಕೆಯೂ ಬೇಕಿರಲಿಲ್ಲ. ಮಂಟೇಸ್ವಾಮಿ, ಮಲೆ ಮಾದೇಶ್ವರರ ಕಾವ್ಯಗಳನ್ನು ರಾತ್ರಿಯಿಡೀ ಹಾಡುವ ನೆಲ ಅದು. ಆ ಹಾಡಿನ ನಡೆ, ಆ ಕೇರಿಯ ಮಾತಿನ ಏರಿಳಿತವೇ ಗದ್ಯವಾಗಿ ಬಂತು. ಮೊದಲು ಓದಿದ ಹಲವರಿಗೆ ಅದು ಅರ್ಥವಾಗದೆ ಕಾಡಿತು. ಗಟ್ಟಿಯಾಗಿ ಓದಿದರೆ ತಿಳಿಯುತ್ತದೆ ಎನ್ನುವುದು ಕ್ರಮೇಣ ಗೊತ್ತಾಯಿತು. ಮೇಲುಜಾತಿಯ ಹೆಣ್ಣಿನ ಪ್ರೀತಿಗೆ ಬಿದ್ದು ಕೊಲೆಯಾದ ದಲಿತ ಯುವಕನ ಸುದ್ದಿ ಪತ್ರಿಕೆಯಲ್ಲಿ ನಾಲ್ಕು ಸಾಲಾಗುತ್ತದೆ. ಅದನ್ನು ಊರಿನ ದೀಪಗಳ ಬಾಯಲ್ಲಿ ಕೇಳಿಸಿದಾಗ ಆಗುವುದೇ ಬೇರೆ. ಒಂದೇ ಜನಪದ ನಂಬಿಕೆ ಇಬ್ಬರು ದೊಡ್ಡ ಬರಹಗಾರರಿಗೆ ಸಿಕ್ಕಿತು. ಒಬ್ಬರ ಕೈಯಲ್ಲಿ ಅದು ಕಥನಕಲೆಯ ಬಗ್ಗೆ ಚಿಂತನೆಯಾಯಿತು, ಇನ್ನೊಬ್ಬರ ಕೈಯಲ್ಲಿ ಜಾತಿಯ ಕ್ರೌರ್ಯಕ್ಕೆ ಸಾಕ್ಷಿಯಾಯಿತು. ಮೂಲ ಯಾವುದು ಎನ್ನುವುದಷ್ಟೇ ಗೊತ್ತಾದರೆ ಕೃತಿಯ ಬಗ್ಗೆ ಎಷ್ಟು ಕಡಿಮೆ ಗೊತ್ತಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಅನಂತಮೂರ್ತಿಯವರು ಹಿತ್ತಿಲು ಮತ್ತು ಜಗಲಿ ಎಂಬ ಎರಡು ಜಾಗಗಳ ಬಗ್ಗೆ ಪದೇ ಪದೇ ಮಾತಾಡುತ್ತಿದ್ದರು. ಜಗಲಿಯಲ್ಲಿ ಗಂಡಸರ ಶಾಸ್ತ್ರ, ವ್ಯವಹಾರ, ಪೇಟೆಯ ಸುದ್ದಿ. ಹಿತ್ತಿಲಲ್ಲಿ ಹೆಂಗಸರ ಗುಟ್ಟು, ನಗು, ಕಣ್ಣೀರು, ಕಥೆ. ಬರಹಗಾರನಾಗುವ ಹುಡುಗ ಎರಡೂ ಕಡೆ ಸುಳಿದಾಡುತ್ತಾನೆ. ಆದರೆ ಹಿತ್ತಿಲಿನವರೇ ಬರೆಯತೊಡಗಿದಾಗ ಏನಾಗುತ್ತದೆ?

ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾದಾಗ ಅವರ ವಯಸ್ಸು ನಲವತ್ತೈದು ದಾಟಿತ್ತು. 1976ರಲ್ಲಿ ಬಂದ ‘ಫಣಿಯಮ್ಮ’ ತಾಯಿಯ ಮೂಲಕ ಅವರಿಗೆ ದಕ್ಕಿದ್ದ ಕಥೆ. ಬಾಲ್ಯದಲ್ಲೇ ವಿಧವೆಯಾಗಿ ದೀರ್ಘ ಆಯುಷ್ಯವನ್ನು ಬೇರೆಯವರ ಮನೆಗಳ ದುಡಿಮೆಯಲ್ಲೇ ಕಳೆದ ತಮ್ಮದೇ ಬಳಗದ ಹಿರಿಯಳೊಬ್ಬಳ ಬದುಕು ಅದು. ಆ ಬದುಕಿಗೂ ಪುಸ್ತಕಕ್ಕೂ ನಡುವೆ ಇದ್ದದ್ದು ಬರಿಯ ಮಾತು: ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು, ಆಕೆ ಮಗಳಿಗೆ ಹೇಳಿದ್ದು. ಯಾವ ದಾಖಲೆಯಲ್ಲೂ ಉಳಿಯದಿದ್ದ ಒಂದು ಜೀವ ಹೀಗೆ ಉಳಿಯಿತು. 1983ರಲ್ಲಿ ಪ್ರೇಮಾ ಕಾರಂತರ ಸಿನಿಮಾ ಅದನ್ನು ಮತ್ತಷ್ಟು ಜನರಿಗೆ ಮುಟ್ಟಿಸಿತು. ತ್ರಿವೇಣಿಯವರು ಮಾತ್ರ ಈ ಹಾದಿಗೆ ಪುಸ್ತಕದ ಓದನ್ನೂ ಸೇರಿಸಿದರು. ಕಾಲೇಜಿನಲ್ಲಿ ಓದಿದ ಮನಃಶಾಸ್ತ್ರವನ್ನು ಮಧ್ಯಮವರ್ಗದ ಮನೆಯೊಳಕ್ಕೆ ಒಯ್ದು, ಬಾಣಂತಿತನದ ನಂತರ ಮನಸ್ಸು ಕದಡಿದ ಹೆಂಗಸಿನ ಕಥೆ ‘ಶರಪಂಜರ’ ಬರೆದರು.

ಸಾವು, ಸಂಕಟಗಳಿಂದ ಬರೆದವರನ್ನು ಪಟ್ಟಿಮಾಡಲು ಹೊರಟರೆ ಪುಟ ಸಾಲದು. ಬೇಂದ್ರೆಯವರು ಹಲವು ಮಕ್ಕಳನ್ನು ಕಳೆದುಕೊಂಡವರು. ಮಗು ತೀರಿಕೊಂಡಾಗ ಹೆಂಡತಿಯ ನೋಟ ಎದುರಿಸಲಾರದೆ ಬರೆದ ಕವಿತೆಯನ್ನು ಇಂದು ಎಷ್ಟೋ ಜನ ಹಿನ್ನೆಲೆ ಗೊತ್ತಿಲ್ಲದೆಯೇ ಹಾಡಿಕೊಳ್ಳುತ್ತಾರೆ. ಅವರ ‘ನರಬಲಿ’ ಕವಿತೆ ನಾಡಿನ ಸಿಟ್ಟಿನಿಂದ ಹುಟ್ಟಿ ಅವರನ್ನು ಹಿಂಡಲಗಾ ಜೈಲಿಗೆ ಒಯ್ದಿತು. ಕವಿತೆಗಾಗಿ ಸಾಧನಕೇರಿಯ ಮನೆ ಬಿಟ್ಟು ಹೆಚ್ಚು ದೂರ ಹೋಗಬೇಕಾಗದ ಕವಿ ಅವರು. ಧಾರವಾಡದ ಬೀದಿಯ ಮಾತು, ಲಾವಣಿಯ ಲಯ, ಕೆರೆಯಂಗಳದ ಬೆಳಗು ಅವರಿಗೆ ಸಾಕಾಯಿತು. ಎಸ್.ಎಲ್. ಭೈರಪ್ಪನವರ ಮನೆಯಲ್ಲಿ ತಾಯಿ, ಒಡಹುಟ್ಟಿದವರು ಪ್ಲೇಗಿಗೆ ಬಲಿಯಾದರು. ಅದು 1970ರ ‘ಗೃಹಭಂಗ’ದಲ್ಲಿ ನಂಜಮ್ಮನ ಮಕ್ಕಳ ಸಾವಾಗಿ, ಕೊನೆಗೆ ಆಕೆಯದೇ ಸಾವಾಗಿ ಮರಳಿ ಬಂತು. ನಡುವೆ ಹಲವು ವರ್ಷಗಳು ಹಾದುಹೋಗಿದ್ದವು. ಆ ಕಾದಂಬರಿಯ ನಿರ್ಭಾವುಕ ಧಾಟಿ ಈ ಅಂತರದ ಫಲವೆಂದೇ ತೋರುತ್ತದೆ. ಕಣ್ಣೀರು ಆರಿದ ಮೇಲೆ ಬರೆದದ್ದಕ್ಕೇ ಅಷ್ಟು ಬಲ.

ಊರು ಬಿಟ್ಟು ಹೋದವರಿಗೆ ಊರು ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತದೆಯೆ? ಯಶವಂತ ಚಿತ್ತಾಲರನ್ನು ನೋಡಿದರೆ ಹೌದೆನ್ನಿಸುತ್ತದೆ. ಮುಂಬಯಿಯ ಬಾಂದ್ರಾದಲ್ಲಿ, ಸಮುದ್ರಕ್ಕೆ ಎದುರಾದ ಮನೆಯಲ್ಲಿ ಕೂತು, ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿಯುತ್ತ, ಅವರು ಜೀವನವಿಡೀ ಉತ್ತರ ಕನ್ನಡದ ಹನೇಹಳ್ಳಿಯನ್ನು ಬರೆದರು. ಮುಂಬಯಿಯನ್ನು ‘ಶಿಕಾರಿ’ಯಾಗಿ ಬರೆದಾಗಲೂ ನಾಗಪ್ಪನ ಬೆನ್ನಿಗೆ ಆ ಹಳ್ಳಿಯಿತ್ತು. ಕುವೆಂಪು ಮಲೆನಾಡಿನ ಎರಡು ಮಹಾಕಾದಂಬರಿಗಳನ್ನು ಬರೆದದ್ದು ಮೈಸೂರಿನ ಬದುಕಿನ ನಡುವೆ. ಪೂರ್ಣಚಂದ್ರ ತೇಜಸ್ವಿ ಇದಕ್ಕೆ ಸಂಪೂರ್ಣ ವಿರುದ್ಧ. ಮೂಡಿಗೆರೆಯ ತೋಟಕ್ಕೆ ಹೋಗಿ ನೆಲೆಸಿ, ಹಾರುವ ಓತಿಯನ್ನೂ ಜೇನುಗೂಡನ್ನೂ ಮಂದಣ್ಣನಂಥವರನ್ನೂ ಅಲ್ಲೇ ಕಂಡು 1980ರಲ್ಲಿ ‘ಕರ್ವಾಲೊ’ ಬರೆದರು. ದೂರ ಹೋಗಲೇಬೇಕೆಂಬ ನಿಯಮವೇನೂ ಇಲ್ಲವೆಂದಾಯಿತು.

ಕೆಲವೊಮ್ಮೆ ಎಬ್ಬಿಸುವ ಕೈ ಒಂದು ಭಾಷಣ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ರಾಜ್ಯವೇ ಕೆರಳಿತು, ಅವರ ಮಂತ್ರಿಸ್ಥಾನ ಹೋಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ಗಾಯದಿಂದ ದಲಿತ ಚಳವಳಿ ಬಲಗೊಂಡಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಅದನ್ನು ಮೆರವಣಿಗೆಗಳಲ್ಲಿ ಜನ ಹಾಡಿದರು. ಬೆಂಗಳೂರಿನ ಶ್ರೀರಾಮಪುರದ ಕೊಳೆಗೇರಿಯಲ್ಲಿ ಬೆಳೆದ ಕವಿಗೆ ಬೇಕಾದ ಬಿರುನುಡಿ ಅಲ್ಲಿಯ ಬೀದಿಯಲ್ಲೇ ಇತ್ತು.

ಕಿವಿಯಿಂದ ಬರುವ ಕಥೆಗೆ ಒಂದು ಕಷ್ಟವೂ ಅಂಟಿಕೊಂಡಿದೆ. ಆ ಕಥೆ ಯಾರದು? ಕುಂದಾಪುರದ ಜಾನಕಿ ಎಂಬ ಲೇಖಕಿ ಆರಂಭದ ದಿನಗಳಲ್ಲಿ ‘ಸುಧಾ’ ವಾರಪತ್ರಿಕೆಗೆ ಒಂದು ಬರಹ ಕಳಿಸಿ, ಅದು ನಿಜಜೀವನದ್ದೆಂಬ ಅಳುಕಿನಿಂದ ಪ್ರಕಟಿಸಬೇಡಿ ಎಂದು ಕೇಳಿಕೊಂಡರು. ಸಂಪಾದಕರು ಅದನ್ನು ಕೈಬಿಡಲಿಲ್ಲ, ಲೇಖಕಿಯ ಹೆಸರನ್ನು ‘ವೈದೇಹಿ’ ಎಂದು ಬದಲಿಸಿ ಅಚ್ಚು ಹಾಕಿದರು. ಕನ್ನಡದ ಅತ್ಯಂತ ಸೂಕ್ಷ್ಮ ಕಥೆಗಾರ್ತಿಯೊಬ್ಬರ ಕಾವ್ಯನಾಮ ಹೀಗೆ ಒಂದು ಅಂಜಿಕೆಯಿಂದ ಬಂದದ್ದು. ಸಂಪಾದಕರು ಮಾಡಿದ್ದು ಸರಿಯೇ ಎಂದು ಇಂದೂ ವಾದಿಸಬಹುದು. ಆದರೆ ಆ ಅಂಜಿಕೆಯನ್ನು ಹಗುರವಾಗಿ ನೋಡಬಾರದು. ಹಿತ್ತಿಲಲ್ಲಿ ನಂಬಿ ಹೇಳಿದ ಮಾತು ಅಚ್ಚಿನಲ್ಲಿ ಕಂಡರೆ ಹೇಳಿದವಳ ಮನೆಯಲ್ಲಿ ಏನಾದೀತು ಎಂಬ ಲೆಕ್ಕ ಅದರಲ್ಲಿದೆ. ಹೊರಗಿನಿಂದ ಬಂದು ಅನುಭವ ಸಂಗ್ರಹಿಸುವ ಬರಹಗಾರರನ್ನು ಈ ಲೆಕ್ಕ ಅಷ್ಟಾಗಿ ಕಾಡುವುದಿಲ್ಲ. ಅದೇ ಊರಿನಲ್ಲಿ ನಾಳೆಯೂ ಬದುಕಬೇಕಾದವರನ್ನು ಬಿಡದೆ ಕಾಡುತ್ತದೆ.

ಸಾರಾ ಅಬೂಬಕ್ಕರ್ ಮತ್ತು ಬಾನು ಮುಷ್ತಾಕ್ ಬರೆಯತೊಡಗಿದಾಗ ಈ ಅಪಾಯ ಇಮ್ಮಡಿಯಾಗಿತ್ತು. ಸಾರಾ ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಕಾಸರಗೋಡಿನ ಹೊಳೆದಂಡೆಯ ಮುಸ್ಲಿಂ ಹೆಣ್ಣೊಬ್ಬಳ ತಲಾಖಿನ ಸಂಕಟವನ್ನು ಕನ್ನಡ ಅಲ್ಲಿಯವರೆಗೆ ಅಷ್ಟು ಹತ್ತಿರದಿಂದ ಕೇಳಿರಲಿಲ್ಲ. ಅದೇ ಪತ್ರಿಕೆಗೆ ಬರೆಯುತ್ತಿದ್ದ, ಹಾಸನದಲ್ಲಿ ವಕೀಲಿ ಮಾಡುವ ಬಾನು ಮುಷ್ತಾಕ್ ಅವರ ಬಳಿಗೆ ಹೆಂಗಸರು ಬರುವುದು ಕಾನೂನಿನ ನೆರವು ಕೇಳಿಕೊಂಡು. ಜೀವನಾಂಶ, ಮಕ್ಕಳ ಪಾಲನೆ, ಗಂಡನ ಎರಡನೇ ಮದುವೆ. ನ್ಯಾಯಾಲಯಕ್ಕೆ ಬೇಕಾದದ್ದು ದಿನಾಂಕ, ದಾಖಲೆ, ಸಾಕ್ಷಿ. ಉಳಿದ ಮಾತಿಗೆ ಅರ್ಜಿಯಲ್ಲಿ ಜಾಗವಿಲ್ಲ. ಹಾಗೆ ಉಳಿದ ಮಾತಿಗೆ ಅವರ ಕಥೆಗಳಲ್ಲಿ ಜಾಗವಿದೆ. ಅಲ್ಲಿ ಬರುವ ಹೆಂಗಸರು ಯಾವುದೋ ಒಂದು ಮೊಕದ್ದಮೆಯ ಕಕ್ಷಿದಾರರಲ್ಲ, ಹತ್ತಾರು ಜನರ ದನಿ ಕೂಡಿ ಆದವರು. ವಕೀಲೆಯ ಗುಟ್ಟು ಕಾಯುವ ಹೊಣೆ ಮತ್ತು ಕಥೆಗಾರ್ತಿಯ ಹೇಳುವ ಹೊಣೆ ಎರಡೂ ಒಬ್ಬರ ಮೇಲೇ ಇದ್ದಾಗ ಇದೊಂದೇ ಉಪಾಯ.

1990ರಿಂದ 2023ರವರೆಗೆ ಬಾನು ಬರೆದ ಕಥೆಗಳಲ್ಲಿ ಹನ್ನೆರಡನ್ನು ಆರಿಸಿ ದೀಪಾ ಭಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಇವುಗಳಲ್ಲಿ ಮೊದಲು ಬರೆದ ಕಥೆಗೂ ಈ ಪ್ರಶಸ್ತಿಗೂ ನಡುವಿನ ಮೂವತ್ತೈದು ವರ್ಷಗಳಲ್ಲಿ ಬೆದರಿಕೆ, ಬಹಿಷ್ಕಾರಗಳೂ ಬಾನು ಅವರನ್ನು ಹುಡುಕಿಕೊಂಡು ಬಂದವು. ಹಾಸನದ ಅವರ ಕಚೇರಿಗೆ ಹೆಂಗಸರು ಬರುವುದು ಮಾತ್ರ ನಿಲ್ಲಲಿಲ್ಲ.